ಸುದ್ದಿ ಒಯ್ದವನ ಮಣ್ಣು

ಗಾಡಿಗೆ ಏರಿಸುವಾಗ ಪಂಪಾಪತಿಯ ಬಲಗೈ ಬಿಳಿಬಟ್ಟೆಯೊಳಗಿಂದ ಜಾರಿ ಹೊರಗೆ ಬಿತ್ತು. ತಲೆಯ ಕಡೆ ಹಿಡಿದಿದ್ದ ಮಗ ವಿನೋದ ಕೈ ಬಿಡುವಂತಿರಲಿಲ್ಲ. ಕಾಲಿನ ಕಡೆ ಹಿಡಿದಿದ್ದ ಗೆಳೆಯ ಹನುಮೇಶನೂ ಬಿಡುವಂತಿರಲಿಲ್ಲ. ಗೋಪಮ್ಮ ಮುಂದೆ ಬಂದು ಗಂಡನ ಕೈಯನ್ನೆತ್ತಿ ಬಟ್ಟೆಯೊಳಗೆ ಸೇರಿಸಿದಳು. ಅದು ಇನ್ನೂ ಬಿಗಿದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಗೋಡೆ ಹಿಡಿದು ಕುಳಿತಿದ್ದ, ಕುಳಿತವನು ಏಳಲಿಲ್ಲ. ಅಷ್ಟೇ.

ರಾಯಚೂರಿನ ಆ ಓಣಿಯ ಹೆಂಗಸರು ಬಳೆ ಒಡೆಯಲು ಬಂದಾಗ ಮಗಳು ವಿಶಾಖಾ ತಾಯಿಯ ಮುಂಗೈಗಳನ್ನು ತನ್ನ ಕೈಯಲ್ಲಿ ಮುಚ್ಚಿಕೊಂಡು, ನಮ್ಮ ಮನೆಯಲ್ಲಿ ಇದೆಲ್ಲ ಇಲ್ಲ ಎಂದಿದ್ದಳು. ಆಮೇಲೆ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿದ್ದಳು. ಗೋಪಮ್ಮನ ತುಟಿಯೂ ಅಲುಗಿತ್ತು. ಮನಸ್ಸು ಮಾತ್ರ ಅಲ್ಲಿರಲಿಲ್ಲ.

ಗಾಡಿ ಹೊರಡುವ ಮೊದಲು ಊರಿನಿಂದ ಮೂಕಪ್ಪನ ಫೋನು ಬಂತು. ಮೂಕಪ್ಪ ದೇವದುರ್ಗದಾಚೆಯ ಅವರ ಕೇರಿಗೆ ಹಿರಿಯ. ಯಾರು ಸತ್ತರೂ ಸಿದಿಗೆ ಕಟ್ಟಿಸುವವನು, ಹಲಗೆ ಬಾರಿಸುವವರನ್ನು ಕರೆಸುವವನು ಅವನೇ. ವಿನೋದ ಎಲ್ಲರಿಗೂ ಕೇಳುವಂತೆ ಫೋನು ಹಿಡಿದ.

"ಕುಣಿ ತೋಡಾಕ ಹುಲಿಗೆಮ್ಮ ಬ್ಯಾಡ ಅಂದಿಲ್ಲ. ಆದ್ರ ಹೆಣ ಬದು ದಾಟೂಕಿಂತ ಮೊದ್ಲು ಗೋಪವ್ವನ್ನ ಒಂದು ಮಾತು ಕೇಳ್ತೀನಿ ಅಂದಾಳ. ನಾಕು ಮಂದ್ಯಾಗ."

ಏನು ಮಾತು ಎಂದು ವಿನೋದ ಕೇಳಿದ. ಮೂಕಪ್ಪನಿಗೆ ತಿಳಿದಿರಲಿಲ್ಲ.

ಹುಲಿಗೆಮ್ಮ ಪಂಪಾಪತಿಯ ಅಣ್ಣ ಅಯ್ಯಣ್ಣನ ಹೆಂಡತಿ; ಹೋದ ಬೇಸಿಗೆಯಿಂದ ವಿಧವೆ. ಕಾಲುವೆಯ ಆಚೆ ಅವರದೊಂದು ಎರೆಹೊಲ. ಅದರ ಮೂಲೆಯಲ್ಲಿ ಪಂಪಾಪತಿಯ ತಾಯಿತಂದೆಯ ಗೋರಿಗಳಿವೆ, ಪಕ್ಕದಲ್ಲೇ ಅಯ್ಯಣ್ಣನದು. ಹೊಲ ಈಗ ಹುಲಿಗೆಮ್ಮನ ಹೆಸರಿಗಿತ್ತು. ರಾಯಚೂರಲ್ಲೇ ಮಣ್ಣು ಮಾಡಿದರಾಯಿತು ಎಂದು ವಿನೋದ ಮೆಲ್ಲಗೆ ಹೇಳಿ ನೋಡಿದ್ದ. ಅಣ್ಣನ ಮಗ್ಗುಲಲ್ಲಿ ಹಾಕಿರಿ ಎಂದು ಪಂಪಾಪತಿ ತನ್ನ ಹತ್ತಿರ ಹೇಳಿದ್ದನೆಂದು ಗೋಪಮ್ಮ ಹಟ ಹಿಡಿದಿದ್ದಳು.

"ಏನ್ ಕೇಳಾಕಿ ಯವ್ವಾ ದೊಡ್ಡವ್ವ?" ವಿನೋದ ತಾಯಿಯ ಮುಖ ನೋಡಿದ.

"ನಡೀರಿ," ಎಂದಳು ಗೋಪಮ್ಮ. "ಬಿಸಿಲೇರ್ತದ."

ಏನು ಕೇಳುತ್ತಾಳೆಂದು ಅವಳಿಗೆ ಗೊತ್ತಿತ್ತು.

*

ಪಂಪಾಪತಿಯ ಅಪ್ಪ ಊರಿನ ಸಾವಿನ ಸುದ್ದಿ ಒಯ್ಯುವವನು. ಗೌಡರ ಮನೆಯಲ್ಲಾಗಲಿ ಶೆಟ್ಟರ ಮನೆಯಲ್ಲಾಗಲಿ ಜೀವ ಹೋದರೆ ಮೊದಲ ಕರೆ ಅವನಿಗೆ. ಮಾನ್ವಿ ಕಡೆಗೆ ಕೊಟ್ಟ ಮಗಳು, ಗಿಲ್ಲೆಸುಗೂರಿನ ಅಳಿಯ, ದೇವಸುಗೂರಿನ ಬೀಗರು, ಎಲ್ಲರ ಬಾಗಿಲಿಗೂ ನಡೆದೇ ಹೋಗಬೇಕು. ಅಂಗಳದಾಚೆ ನಿಂತು ಕೋಲು ನೆಲಕ್ಕೂರಿ ಹೇಳಬೇಕು. ಹೇಳಿ, ನೀರನ್ನೂ ಕೇಳದೆ ತಿರುಗಬೇಕು. ಅದಕ್ಕೆ ಕೊಡುತ್ತಿದ್ದುದು ಉಡಿಯೊಳಗೆ ಹಿಡಿಯುವಷ್ಟು ಜೋಳ. ಅಪ್ಪ ಉಣ್ಣಲು ಕುಳಿತಾಗಲೇ ಕರೆ ಬರುತ್ತಿತ್ತು, ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ ಎಂದು ಪಂಪಾಪತಿ ಗೋಪಮ್ಮನಿಗೆ ಮದುವೆಯಾದ ಹೊಸದರಲ್ಲೇ ಹೇಳಿದ್ದ. ಆ ಅರ್ಧ ರೊಟ್ಟಿಯನ್ನು ಅಣ್ಣತಮ್ಮ ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರಂತೆ. ಊರಲ್ಲಿ ಯಾರಾದರೂ ಸತ್ತರೆ ತಮಗೆ ಹೊಟ್ಟೆತುಂಬ ಸಿಗುತ್ತಿತ್ತು ಎಂದು ಹೇಳಿ ಅವನು ನಕ್ಕಿದ್ದ. ಅವಳು ನಕ್ಕಿರಲಿಲ್ಲ.

ಆ ಸುದ್ದಿಗೊಂದು ಕಟ್ಟು ಇತ್ತು. ಕೇಳಿದವನು ಎರಡರಲ್ಲಿ ಒಂದು ಮಾತು ಕೊಡಬೇಕು: 'ಬಂದೆ' ಅನ್ನಬೇಕು, ಇಲ್ಲವೆ 'ನೀವು ಎತ್ತಿರಿ' ಅನ್ನಬೇಕು. ಎತ್ತಿರಿ ಅಂದವನಿಗಾಗಿ ಯಾರೂ ಕಾಯುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಬಂದೆ ಅಂದವನು ಬರುವವರೆಗೆ ಮಾತ್ರ ಹೆಣ ಅಂಗಳ ಬಿಟ್ಟು ಏಳುವಂತಿಲ್ಲ. ಆ ಮಾತನ್ನು ಹೊತ್ತು ತರುವುದೂ ಅಪ್ಪನದೇ ಕೆಲಸವಾಗಿತ್ತು.

ಅಯ್ಯಣ್ಣ ಹೊಲಕ್ಕೆ ನಿಂತ. ಪಂಪಾಪತಿ ಮೆಟ್ರಿಕ್ ಮುಗಿಸಿ ಬಸ್ಸಿನ ಕಂಡಕ್ಟರ್ ಆದ. ಅಪ್ಪನ ಕೋಲಿನಿಂದ ತಪ್ಪಿಸಿಕೊಂಡೆ ಎಂದುಕೊಂಡಿದ್ದ. ಆದರೆ ರಾಯಚೂರು–ದೇವದುರ್ಗದ ಹಾದಿಯ ಜನಕ್ಕೆ ಅವನು ಯಾರ ಮಗನೆಂಬುದು ಗೊತ್ತಿತ್ತು. ಕಲ್ಮಲದ ಕ್ರಾಸಿನಲ್ಲಿ ನಮ್ಮ ಮಾವ ನಿಂತಿರುತ್ತಾನೆ, ಮುದುಕಿ ಹೋದಳು ಅಂತ ಹೇಳು ಎಂದು ಕಿಟಕಿಯಲ್ಲಿ ಮುಖವಿಟ್ಟು ಹೇಳಿ ಹೋಗುವರು. ಅವನು ಟಿಕೆಟ್ ಹರಿಯುತ್ತಲೇ ಹೇಳಿ ಬರುವನು. ಮೊಬೈಲು ಬಂದ ಮೇಲೂ ಅದು ನಿಲ್ಲಲಿಲ್ಲ; ಸುದ್ದಿ ಮೊದಲು ಅವನಿಗೆ ಬರುತ್ತಿತ್ತು, ಅವನು ಉಳಿದವರಿಗೆ ದಾಟಿಸುತ್ತಿದ್ದ. ಸುತ್ತಿನ ಯಾವ ಮಣ್ಣಿಗೂ ಅವನು ಹೋಗದೆ ಉಳಿದದ್ದಿಲ್ಲ. ಡ್ಯೂಟಿಗೆ ರಜೆ ಹಾಕಿದ್ದೆಲ್ಲ ಬೇರೆಯವರ ಸಾವಿಗೆ. ಹೆಂಡತಿ ಮಕ್ಕಳನ್ನು ಹಂಪಿಗೂ ಕರೆದುಕೊಂಡು ಹೋಗಿರಲಿಲ್ಲ.

*

ಗಾಡಿಯ ಹಿಂಬದಿಯಲ್ಲಿ ಹೆಣದ ಒಂದು ಮಗ್ಗುಲಿಗೆ ಗೋಪಮ್ಮ, ವಿಶಾಖಾ. ಇನ್ನೊಂದು ಮಗ್ಗುಲಿಗೆ ವಿನೋದ, ಹನುಮೇಶ. ಹನುಮೇಶ ಅದೇ ಹಾದಿಯಲ್ಲಿ ಪಂಪಾಪತಿಯ ಜೊತೆ ವರ್ಷಗಟ್ಟಲೆ ಬಸ್ಸು ಓಡಿಸಿದವನು. ಸುಮ್ಮನೆ ಕೂಡುವುದು ಅವನಿಗೆ ಬರುತ್ತಿರಲಿಲ್ಲ.

"ಗಾಡಿ ಹೊಂಟ್ರೂ ಸೀಟಿ ಊದವಲ್ಲ ನೋಡ್ರಿ ಈವತ್ತು," ಎಂದ. "ಇವನ ಸೀಟಿ ಇಲ್ದ ನಾನು ಈ ರಸ್ತ್ಯಾಗ ಹೊಂಟಿದ್ದ ಇಲ್ಲ."

ಪಂಪಾಪತಿಯ ಫೋನು ಗೋಪಮ್ಮನ ಉಡಿಯಲ್ಲಿತ್ತು, ಬಡಿದುಕೊಳ್ಳುತ್ತಲೇ ಇತ್ತು. ಅವಳು ಎತ್ತಲಿಲ್ಲ; ಹನುಮೇಶನೇ ಇಸಿದುಕೊಂಡು ಎತ್ತಿದ. ಸಿರವಾರದ ಒಬ್ಬರು ನೀವು ಎತ್ತಿರಿ ಅಂದರು. ಮಾನ್ವಿಯ ಒಬ್ಬ ಹಳೆ ಕಂಡಕ್ಟರ್ ಬಂದೆ ಅಂದ, ಅವನಿಗೆ ಕಾಯಬೇಕಾಗುತ್ತದೆಂದು ಹನುಮೇಶ ಊರಿಗೆ ತಿಳಿಸಿದ. ಆಮೇಲೆ ಆ ಫೋನನ್ನು ತಿರುವಿ ನೋಡುತ್ತ, ಹೋದ ಬೇಸಿಗೆಯಿಂದ ಈತ ಫೋನೇ ಎತ್ತುತ್ತಿರಲಿಲ್ಲ, ತನ್ನದನ್ನೂ ಎತ್ತುತ್ತಿರಲಿಲ್ಲ, ಅಣ್ಣ ಹೋದ ಮೇಲೆ ಮನುಷ್ಯ ಮೊದಲಿನ ಹಾಗೆ ಉಳಿಯಲಿಲ್ಲ ಎಂದ.

ವಿಶಾಖಾ ತನ್ನ ಫೋನಿನಲ್ಲಿ ಒಂದು ಫೋಟೋ ತೆಗೆದು ಅವನಿಗೆ ತೋರಿಸಿದಳು. ಶ್ರೀಲಂಕಾದ ನದಿಯಲ್ಲಿ ಗಾಳಿ ತುಂಬಿದ ದೋಣಿಯೊಂದು ಮೂಗೆತ್ತಿ ನಿಂತಿತ್ತು. ಮುಂದೆ ಕಿತ್ತಳೆ ಬಣ್ಣದ ಜಾಕೆಟ್, ತಲೆಗೆ ಹೆಲ್ಮೆಟ್ ಹಾಕಿಕೊಂಡ ಪಂಪಾಪತಿ ಬಾಯಿ ಅಷ್ಟಗಲ ತೆರೆದು ನಗುತ್ತಿದ್ದ. ಹಿಂದೆ, ಮದುವೆಯಾದಾಗಿನಿಂದ ಸೀರೆಯನ್ನು ಬಿಟ್ಟು ಬೇರೇನೂ ಉಡದ ಗೋಪಮ್ಮ ಮಗಳ ಪ್ಯಾಂಟು ತೊಟ್ಟು, ಕಣ್ಣು ಮುಚ್ಚಿ ಹಗ್ಗ ಹಿಡಿದಿದ್ದಳು.

"ಅಪ್ಪ ಹಿಂಗ ನಕ್ಕಿದ್ದು ನಾ ನೋಡಿದ್ದ ಇಲ್ಲ ಕಾಕಾ," ಎಂದಳು ವಿಶಾಖಾ.

"ಯಾವತ್ತಿಂದಿದು?"

"ದೊಡ್ಡಪ್ಪ ಹೋದ ದಿನಾನೇ. ನಮಗೇನ್ ಗೊತ್ತಿತ್ತು? ಆ ಕಾಡಿನಾಗ ಫೋನ್ ಹತ್ತತಿದ್ದಿಲ್ಲ."

ವಿನೋದ ಆ ಫೋಟೋ ನೋಡಲಿಲ್ಲ. ಕಿಟಕಿಯಾಚೆ ಹತ್ತಿ ಬಿಡಿಸಿ ಮುಗಿದ ಹೊಲಗಳು ಕಪ್ಪಗೆ ಹಿಂದೆ ಸರಿಯುತ್ತಿದ್ದವು. ಚಿಕ್ಕಂದಿನಲ್ಲಿ ಅಪ್ಪ ಬಸ್ಸಿನಲ್ಲೇ ಇರುತ್ತಿದ್ದುದರಿಂದ ಅವನು ಬೆಳೆದದ್ದು ಅಯ್ಯಣ್ಣನ ಹೆಗಲ ಮೇಲೆ. ಸಾಲೆಗೆ ಹೆಸರು ಹಚ್ಚಿದವನು, ಈಜು ಕಲಿಸಿದವನು, ಜ್ವರ ಬಂದಾಗ ದೇವದುರ್ಗದ ದವಾಖಾನೆಗೆ ಹೊತ್ತು ಓಡಿದವನು ಅಯ್ಯಣ್ಣ.

"ಗೊತ್ತಾಗಿದ್ರ ಅವತ್ತ ವಿಮಾನ ಹತ್ತಿ ಬರ್ತಿದ್ದೆ," ಎಂದ, ಯಾರನ್ನೂ ನೋಡದೆ. "ಒಂದು ಹಿಡಿ ಮಣ್ಣು ಹಾಕೂದಾಗ್ಲಿಲ್ಲ ಅವಗ. ಅದೊಂದ ನನಗ ನುಂಗಾಕಾಗವಲ್ದು."

ಗೋಪಮ್ಮ ಹೆಣದ ಮೇಲಿನ ಬಟ್ಟೆಯನ್ನು, ಸರಿಯಾಗಿಯೇ ಇದ್ದರೂ, ಮತ್ತೆ ಸರಿಮಾಡಿದಳು. ಈ ಮಾತನ್ನು ಮಗ ಆಡಿದ್ದು ಇದು ಮೊದಲ ಸಲವಲ್ಲ. ಆಡಿದಾಗಲೆಲ್ಲ ಗಂಡ ಹೆಂಡತಿ ಇಬ್ಬರೂ ಯಾವುದಾದರೊಂದು ಕೆಲಸ ಹುಡುಕಿಕೊಂಡು ಏಳುತ್ತಿದ್ದರು. ಈಗ ಏಳುವುದಕ್ಕೆ ಗಾಡಿಯಲ್ಲಿ ಜಾಗವಿರಲಿಲ್ಲ.

*

ಪರದೇಶಕ್ಕೆ ಹೋಗುವ ಮಾತು ತೆಗೆದವಳು ವಿಶಾಖಾ. ಅಪ್ಪ ನಿವೃತ್ತನಾದ, ಒಮ್ಮೆಯಾದರೂ ಎಲ್ಲರೂ ಕೂಡಿ ಎಲ್ಲಾದರೂ ಹೋಗೋಣ, ಬುದ್ಧನ ಬೋಧಿವೃಕ್ಷದ ಕೊಂಬೆಯಿಂದ ಬೆಳೆದ ಮರವಿರುವ ಅನುರಾಧಪುರ ನೋಡೋಣ, ಹಾಗೆಯೇ ಕಾಡು, ನದಿ, ಸಮುದ್ರ ಎಂದಳು. ಹೈದರಾಬಾದಿನಲ್ಲಿ ವಿಮಾನ ಏರುವಾಗ ಪಂಪಾಪತಿ ಬಾಗಿಲಲ್ಲಿ ನಿಂತು, ಒಳಗೆ ಎಷ್ಟು ಸೀಟು ಖಾಲಿ ಇವೆ ಎಂದು ಅಭ್ಯಾಸಬಲದಿಂದ ಇಣುಕಿ ನೋಡಿದ್ದ. ಮಕ್ಕಳು ನಕ್ಕಿದ್ದರು.

ವಿನೋದನಿಗೂ ಅವನಿಗೂ ಮಾತು ಕಡಿಮೆ. ಜಗಳವೇನಿರಲಿಲ್ಲ, ಒಬ್ಬರಿಗೊಬ್ಬರು ರೂಢಿಯಾಗಿರಲಿಲ್ಲ, ಅಷ್ಟೇ. ಶ್ರೀಲಂಕಾದಲ್ಲಿ ಅದು ಒಂದೊಂದೇ ಎಳೆಯಾಗಿ ಬಿಚ್ಚತೊಡಗಿತ್ತು. ಸಿಗಿರಿಯ ಬಂಡೆಯ ಕಬ್ಬಿಣದ ಮೆಟ್ಟಿಲಲ್ಲಿ ಅಪ್ಪನ ಕಾಲು ನಡುಗಿದಾಗ ಮಗ ಹಿಂದಿನಿಂದ ಸೊಂಟ ಹಿಡಿದಿದ್ದ. ಕಾಡಿನ ಹಾದಿಯಲ್ಲಿ ಜಿಗಣೆ ಹತ್ತಿದಾಗ ಅಪ್ಪ ಮಗನ ಹಿಮ್ಮಡಿ ಹಿಡಿದು ಉಪ್ಪು ಹಚ್ಚಿದ್ದ. ಗೋಪಮ್ಮ ಇವನ್ನೆಲ್ಲ ದೂರದಿಂದ, ಕಣ್ಣು ತಾಕಬಾರದೆಂಬಂತೆ ನೋಡುತ್ತಿದ್ದಳು.

ಕಿತುಲ್ಗಲ ಎಂಬಲ್ಲಿ ದಟ್ಟ ಕಾಡಿನ ನಡುವೆ ನದಿ ಬಂಡೆಗಳಿಗೆ ಬಡಿದು ಹಾಲಿನಂತೆ ಒಡೆಯುತ್ತಿತ್ತು. ದೋಣಿಯವರು ಜಾಕೆಟ್ ತೊಡಿಸಿ, ಫೋನುಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳುತ್ತಿದ್ದರು. ಮಕ್ಕಳಿಬ್ಬರೂ ಆಗಲೇ ನೀರಿಗಿಳಿದಿದ್ದರು. ಮಕ್ಕಳ ಫೋನು ಹತ್ತದ ಆ ಕಾಡಿನಲ್ಲಿ, ಪೆಟ್ಟಿಗೆಗೆ ಹಾಕಲು ಚಾಚಿದ ಪಂಪಾಪತಿಯ ಕೈಯಲ್ಲೇ ಅವನ ಫೋನು ಬಡಿದುಕೊಂಡಿತು. ಅವನು ಕಿವಿಗಿಟ್ಟ. ತುಸು ಹೊತ್ತು ಕೇಳಿದ. "ಬಂದೆ," ಎಂದ. ಒಂದೇ ಮಾತು. ಆಮೇಲೆ ಫೋನು ಬಂದ್ ಮಾಡಿ ಪೆಟ್ಟಿಗೆಯಲ್ಲಿಟ್ಟ.

ಯಾರೆಂದು ಗೋಪಮ್ಮ ಕೇಳಿದಳು. ಹನುಮೇಶ ಹಚ್ಚಿದ್ದ ಎಂದ ಪಂಪಾಪತಿ. ಆ ಮಾತನ್ನು ಆ ದನಿಯಲ್ಲಿ ಅವನು ಯಾವಾಗ ಆಡುತ್ತಾನೆಂದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಕೇಳಿದ ಕೂಡಲೇ ಅವಳು ಅವನ ಅಂಗಿ ಹುಡುಕುತ್ತಿದ್ದಳು. ಅಂದು ನದಿಯ ಸದ್ದಿನಲ್ಲಿ, ಮೈಗಂಟಿದ ಜಾಕೆಟ್ಟಿನಲ್ಲಿ, ಸುಮ್ಮನೆ ನಿಂತಳು. ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ದೋಣಿಗಿಳಿದ.

ಎರಡನೆಯ ಸುಳಿಯಲ್ಲಿ ದೋಣಿ ಮಗುಚುವಷ್ಟು ವಾಲಿ ವಿನೋದ ಹೊರಗೆ ಬಿದ್ದ. ಅವನ ತಲೆ ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ. ಪಂಪಾಪತಿ ಅರ್ಧ ಮೈ ನೀರಿಗೆ ಚಾಚಿ ಮಗನ ಜಾಕೆಟ್ಟಿನ ಹೆಗಲು ಹಿಡಿದು ಎಳೆದು ದೋಣಿಗೆ ಹಾಕಿಕೊಂಡ. ಇಬ್ಬರೂ ಮೀನಿನಂತೆ ಬಿದ್ದು ಏದುಸಿರು ಬಿಡುತ್ತ, ಆಮೇಲೆ ನಗತೊಡಗಿದರು. ವಿನೋದ ಅಪ್ಪನ ಕೊರಳಿಗೆ ಕೈ ಹಾಕಿದ. ಮುಂದಿನ ಸುಳಿ ಬರುವವರೆಗೂ ತೆಗೆಯಲಿಲ್ಲ. ಫೋಟೋ ಅದಾದ ಮೇಲೆ ದೋಣಿಯವರು ದಡದಿಂದ ತೆಗೆದದ್ದು.

ಸಂಜೆ ಊಟಕ್ಕೆ ಕರೆದಾಗ ಗಂಡ ಹೆಂಡತಿ ಹಿಂದೆ ಉಳಿದರು. ಆಗ ಹೇಳಿದ. ಅಣ್ಣ ಹೋದ, ಅತ್ತಿಗೆ ಫೋನ್ ಹಚ್ಚಿದ್ದಳು ಎಂದ. ಈಗಲೇ ಹೊರಡೋಣ ಎಂದಳು ಗೋಪಮ್ಮ. ಬೇಸಿಗೆ, ಇಷ್ಟೊತ್ತಿಗೆ ಎತ್ತಿರುತ್ತಾರೆ, ಹೋಗಿ ಮಾಡುವುದೇನು ಎಂದ. ಬಂದೆ ಅಂದವನು ಬರದೆ ಎತ್ತಿರುವುದಿಲ್ಲವೆಂದು ಊರಿನ ಆ ಹಾದಿಯಲ್ಲಿ ಯಾರಿಗಾದರೂ ಗೊತ್ತಿರಬೇಕಾಗಿದ್ದರೆ ಅದು ಅವನಿಗೇ.

"ನಮ್ಮಪ್ಪ ಒಂದಿನಾನೂ ಪೂರಾ ಉಂಡು ಎದ್ದಾವಲ್ಲ," ಎಂದ ಅವನು. "ನಾನೂ ಅಷ್ಟ. ಒಂದ ಸಲ, ಗೋಪಾ. ಇದೊಂದ ಸಲ ಪೂರಾ ಉಂಡು ಏಳ್ತೀನಿ."

ಮಕ್ಕಳು ಮತ್ತೆ ಕರೆದರು. ಅವನು ಹೋಗಿ ಮಗನ ಪಕ್ಕದಲ್ಲಿ ಕುಳಿತ. ಗೋಪಮ್ಮನೂ ಹೋಗಿ ತಟ್ಟೆಗೆ ಅನ್ನ ಹಾಕಿಕೊಂಡಳು.

ಮರಳಿ ಬಂದು ಊರಿಗೆ ಹೋದಾಗ ಹೊಲದ ಮೂಲೆಯಲ್ಲಿ ಮಣ್ಣು ಆಗಲೇ ಒಣಗಿ ಬಿರಿದಿತ್ತು. ಅಯ್ಯಣ್ಣನನ್ನು ಅಂಗಳದಲ್ಲಿ ಎರಡು ಹಗಲು ಇರಿಸಿದ್ದರು. ತಮ್ಮ ಬರುತ್ತೇನೆ ಅಂದಿದ್ದಾನೆ ಎಂದು ಹುಲಿಗೆಮ್ಮ ಎತ್ತಗೊಟ್ಟಿರಲಿಲ್ಲ. ಕೊನೆಗೆ ಹೊತ್ತವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊತ್ತಿದ್ದರು. ಕೇರಿಯ ಜನ ಪಂಪಾಪತಿಯನ್ನು ಸುತ್ತುಗಟ್ಟಿ ಕೇಳಿದರು. ಫೋನೇ ಬರಲಿಲ್ಲ ಎಂದ ಅವನು. ಸುದ್ದಿಯ ವಿಷಯದಲ್ಲಿ ಪಂಪಾಪತಿಯ ಮಾತನ್ನು ಅನುಮಾನಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಹಾಗಾಗಿ ಸುಳ್ಳು ಹುಲಿಗೆಮ್ಮನದಾಯಿತು. ಮಾನ್ವಿಯ ತವರಿನವರು ಬರಲಿ ಎಂದು ಕಾದಳು, ಮೈದುನನ ಹೆಸರು ಹೇಳಿದಳು ಎಂದರು. ಅವಳು ಗೋಪಮ್ಮನನ್ನು ನೋಡಿದ್ದಳು. ಗೋಪಮ್ಮ ನೆಲ ನೋಡಿದ್ದಳು.

*

ಮಾನ್ವಿಯ ಹಳೆ ಕಂಡಕ್ಟರ್ ಬಂದು ಮುಟ್ಟಿದ ಮೇಲೆ ಸಿದಿಗೆ ಎತ್ತಿದರು. ಹಲಗೆಯವರು ಮುಂದೆ ನಡೆದರು. ಕಾಲುವೆಯ ಮೋರಿ ದಾಟಿ ಹೊಲಕ್ಕೆ ಬಂದಾಗ ಹುಲಿಗೆಮ್ಮ ಬದುವಿನ ಮೇಲೆ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳ ಹಿಂದೆ ಹೊಸ ಮಣ್ಣಿನ ಗುಡ್ಡೆ ಕಾಣುತ್ತಿತ್ತು. ಮೂಕಪ್ಪ ಕೈ ಮಾಡಿದ, ಹಲಗೆ ನಿಂತಿತು. ಹೊತ್ತವರು ಹೊತ್ತುಕೊಂಡೇ ನಿಂತರು. ಮುಂದಿನ ಎಡಗಡೆಗೆ ವಿನೋದನ ಹೆಗಲಿತ್ತು.

ಜಾಗದ ಮಾತೇನಿದ್ದರೂ ಆಮೇಲೆ ಕೂತು ಮುಗಿಸೋಣ, ಹೆಣ ನಿಲ್ಲಿಸಬಾರದು ಎಂದು ಮೂಕಪ್ಪ ಸಮಾಧಾನದ ದನಿಯಲ್ಲಿ ಶುರುಮಾಡಿದ.

"ಜಾಗದ ಮಾತಲ್ಲ ಮಾವಾ," ಎಂದಳು ಹುಲಿಗೆಮ್ಮ. "ಕುಣಿ ನಾನೇ ಮುಂದ ನಿಂತು ತೋಡಿಸೀನಿ. ಆಕಿ ಹೂಂ ಅಂದ್ರೂ ಅದ, ಉಹೂಂ ಅಂದ್ರೂ ಅದ. ಅವನ ಜಾಗ ಅವಗ."

ಬದುವಿನಿಂದ ಇಳಿದು ಗೋಪಮ್ಮನ ಎದುರಿಗೆ ಬಂದಳು. ಒಂದು ವರ್ಷದಲ್ಲಿ ಅವಳಿಗೆ ಹತ್ತು ವರ್ಷದ ಮುಪ್ಪು ಬಂದಿತ್ತು.

"ಊರಾಗ ಯಾರರ ಸತ್ರ ಜಳಕ ಮಾಡಿಸಾಕ ನನ್ನ ಕರಿಯಾಂಗಿಲ್ಲ ಈಗ. ಹೆಣ ಕೊಳಿಸಿದಾಕಿ ಅಂತ ಹೆಸರಿಟ್ಟಾರ. ಗಂಡನ್ನ ಕೊಳಿಸಿದಾಕಿ. ಅವತ್ತು ನಾ ಫೋನ್ ಹಚ್ಚಿದ್ದೆ, ಅವ ಎತ್ತಿದ್ದ, ಬಂದೆ ಅಂದಿದ್ದ. ಇದು ಖರೇನೋ ಸುಳ್ಳೋ, ಗೋಪವ್ವ? ನಿನಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ನಾ ಮತ್ತ ಕೇಳಾಂಗಿಲ್ಲ."

ಗೋಪಮ್ಮನಿಗೆ ಹಾದಿಯುದ್ದಕ್ಕೂ ಒಂದು ಆಸರೆಯಿತ್ತು. ಜಾಗಕ್ಕಾಗಿ ಹೇಳಿದೆ, ಅವನನ್ನು ಮಣ್ಣಿಗೆ ಸೇರಿಸಲು ಬೇರೆ ದಾರಿ ಇರಲಿಲ್ಲ ಎಂದು ಆಮೇಲೆ ಮಗನಿಗೆ ಹೇಳಬಹುದೆಂದುಕೊಂಡಿದ್ದಳು. ಹುಲಿಗೆಮ್ಮ ಅದನ್ನೂ ಕಿತ್ತುಕೊಂಡಿದ್ದಳು. ಈಗ ಗೊತ್ತಿಲ್ಲ ಎಂಬ ಒಂದು ಮಾತು ಸಾಕಿತ್ತು. ಗಂಡ ಸುದ್ದಿಯ ಮನುಷ್ಯನಾಗಿಯೇ ಮಣ್ಣಿಗೆ ಹೋಗುತ್ತಿದ್ದ. ಸಂಜೆ ಮಗ ಅವಳ ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದ.

ಅವಳು ಸಿದಿಗೆಯ ಕಡೆ ನೋಡಿದಳು. ವಿನೋದ ತಾಯಿಯನ್ನೇ ನೋಡುತ್ತಿದ್ದ. ಗೊತ್ತಿಲ್ಲ ಅನ್ನು ಎಂಬಂತೆ ಅವನ ಹುಬ್ಬು ಸಣ್ಣಗೆ ಮೇಲೇರಿತ್ತು. ಅವನಿಗೆ ಅದು ಅಷ್ಟು ಸಹಜವಾಗಿತ್ತು.

"ಖರೆ," ಎಂದಳು ಗೋಪಮ್ಮ. ಯಾರಿಗೂ ಕೇಳಿಸಲಿಲ್ಲವೇನೋ ಎನಿಸಿ ಮತ್ತೆ ಹೇಳಿದಳು. "ಖರೆ ಅದ ಯಕ್ಕಾ. ನಾ ಮಗ್ಗಲಾಗ ನಿಂತಿದ್ದೆ. ಬಂದೆ ಅಂದ. ಅಂದು ಫೋನ್ ಬಂದ್ ಮಾಡಿದ. ಸಂಜಿಕ ನನಗ ಹೇಳಿದ. ನಾನೂ ಸುಮ್ಮನಿದ್ದೆ."

ಗಾಳಿ ಇರಲಿಲ್ಲ. ಹಲಗೆಯವರಲ್ಲೊಬ್ಬ ಕೈಯ ಕಡ್ಡಿಯನ್ನು ಮೆಲ್ಲಗೆ ಬಗಲಿಗೆ ಸಿಕ್ಕಿಸಿಕೊಂಡ. ಮೂಕಪ್ಪ ಟವೆಲು ತೆಗೆದು, ಬೆವರಿಲ್ಲದ ಮುಖ ಒರೆಸಿಕೊಂಡ. ಹುಲಿಗೆಮ್ಮ ಅಳಲಿಲ್ಲ, ಬಯ್ಯಲಿಲ್ಲ. ಬಹಳ ದೂರ ಹೊತ್ತು ತಂದದ್ದನ್ನು ಇಳಿಸಿದವಳಂತೆ ಬದುವಿನ ಮೇಲೆ ಕುಳಿತುಬಿಟ್ಟಳು.

"ನೀನೂ?" ಎಂದ ವಿನೋದ.

ಅಷ್ಟೇ ಅಂದ. ಸಿದಿಗೆ ಅವನ ಹೆಗಲ ಮೇಲೆ ಒಮ್ಮೆ ವಾಲಿತು. ಹಿಂದಿನವರು ಎಚ್ಚರಿಸಿದರು. ಅವನು ಬಿದಿರನ್ನು ಇನ್ನೂ ಬಿಗಿಯಾಗಿ ಹಿಡಿದು ಮುಂದೆ ನಡೆದ. ವಿಶಾಖಾ ನಿಂತಲ್ಲೇ ನಿಂತು, ಆಮೇಲೆ ತಾಯಿಯನ್ನು ಬಳಸಿ ಹೋಗಿ ಅಣ್ಣನ ಹಿಂದೆ ಸೇರಿದಳು.

ಮುಂದಿನದೆಲ್ಲ ಆಗಬೇಕಾದ ಕ್ರಮದಲ್ಲೇ ಆಯಿತು. ಮಗನೇ ಕುಣಿಗಿಳಿದು ಅಪ್ಪನ ತಲೆ ಹಿಡಿದು ಮಲಗಿಸಿದ. ಮುಖದ ಮೇಲಿನ ಬಟ್ಟೆ ಸರಿಸಿ ಎಲ್ಲರಿಗೂ ಕೊನೆಯ ಸಲ ತೋರಿಸಿದರು. ಹುಲಿಗೆಮ್ಮ ಎದ್ದು ಬಂದಳು. ಕುಣಿಯೊಳಗೆ ಬಹಳ ಹೊತ್ತು ನೋಡಿ, ಎರಡು ಬೊಗಸೆ ಮಣ್ಣು ಹಾಕಿದಳು. ಒಂದು ತನ್ನದು, ಒಂದು ಗಂಡನದು ಎಂದು ಯಾರೋ ಪಿಸುಗುಟ್ಟಿದರು. ಒಬ್ಬೊಬ್ಬರೇ ಬಾಗಿ ಹಾಕಿದರು. ವಿಶಾಖಾ ಅಳುತ್ತ ಹಾಕಿದಳು. ವಿನೋದನೂ ಗುಡ್ಡೆಯ ಹತ್ತಿರ ಬಾಗಿದ, ಎದ್ದ, ಮುಚ್ಚಿದ ಮುಷ್ಟಿಯನ್ನು ಕುಣಿಯ ಮೇಲೆ ಚಾಚಿ ಬೆರಳು ಬಿಡಿಸಿದ. ಎದುರಿಗೆ ನಿಂತಿದ್ದ ಗೋಪಮ್ಮ ನೋಡಿದಳು. ಬೆರಳುಗಳ ನಡುವಿನಿಂದ ಏನೂ ಬೀಳಲಿಲ್ಲ. ಮೂಕಪ್ಪ, ಆಯಿತು, ಮಗನದಾಯಿತು ಎಂದು ಮುಂದಿನವರನ್ನು ಕರೆದ.

ಕುಣಿ ಮುಚ್ಚಿದ ಮೇಲೆ ಎಲ್ಲರೂ ಕಾಲುವೆಗೆ ಹೋದರು. ಮಣ್ಣು ಕೊಟ್ಟವರು ಕೈಕಾಲು ತೊಳೆಯದೆ ಯಾರ ಹೊಸ್ತಿಲೂ ದಾಟುವಂತಿಲ್ಲ. ಗಂಡಸರು ದಡದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತರು. ಒಬ್ಬೊಬ್ಬರ ಕೈಯಿಂದಲೂ ಎರೆಮಣ್ಣು ಬಿಟ್ಟು ನೀರು ಕಪ್ಪಗೆ ಎಳೆಎಳೆಯಾಗಿ ಕೆಳಗೆ ಹರಿಯುತ್ತಿತ್ತು. ಅವರೆಲ್ಲರಿಗಿಂತ ಮೇಲೆ, ಸಾಲಿನ ಮೊದಲಿಗೆ ವಿನೋದ ಕುಳಿತಿದ್ದ. ಬೆರಳ ಸಂದುಗಳನ್ನು ಉಜ್ಜಿದ. ಅಂಗೈ ತಿರುವಿ ಉಗುರುಗಳನ್ನು ತಿಕ್ಕಿದ. ಉಳಿದವರು ಎದ್ದು ಹೋದರು, ಹನುಮೇಶ ಅವನ ಭುಜ ಮುಟ್ಟಿ ಹೋದ. ಅವನು ತೊಳೆಯುತ್ತಲೇ ಇದ್ದ. ಮೋರಿಯ ಮೇಲೆ ನಿಂತ ಗೋಪಮ್ಮನಿಗೆ ಅವನ ಕೈಗಳ ಕೆಳಗಿನ ನೀರು ಕಾಣುತ್ತಿತ್ತು. ತಳದ ಸಿಮೆಂಟಿನ ಬಿರುಕೂ ಕಾಣುವಷ್ಟು ತಿಳಿಯಾಗಿತ್ತು.